ಪ್ರತಿಕೃತಿಯ ಬಣ್ಣ: ಮಾರುತ್ ವಿಮಾನದ ಚರಿತ್ರೆಯಲ್ಲಿ ಒಂದು ಆಧಾರವಿಚಾರ

ಚಾರ್ಮಾಡಿ ಘಟ್ಟದ ನೆತ್ತಿಯ ಮೇಲಿರುವ ಕೊಟ್ಟಿಗೆಹಾರವು ಮೂಡಿಗೆರೆಯಿಂದ ಕರಾವಳಿಗೆ ಇಳಿಯುವ ದಾರಿಹೋಕರಿಗೆ ನೀರುದೋಸೆಯ ಊರೆಂದೂ, ಸಾಹಿತ್ಯಾಸಕ್ತರಿಗೆ ಪೂರ್ಣಚಂದ್ರ ತೇಜಸ್ವಿಯವರ ಹೆಸರಿನ ಪ್ರತಿಷ್ಠಾನವಿರುವ ಸ್ಥಳವೆಂದೂ ಪರಿಚಿತವಾದುದು. ಯುದ್ಧವಿಮಾನಗಳ ಚರಿತ್ರೆಗೂ ಈ ಊರಿಗೂ ಯಾವ ಸಂಬಂಧವೂ ಇಲ್ಲ. ಆದಾಗ್ಯೂ ಈ ಲೇಖನವು ಅಲ್ಲಿಂದಲೇ ಆರಂಭವಾಗಬೇಕಾಗಿದೆ. ಆ ಊರಿನ ಕಡೆಯವರಾದ ನಮ್ಮ ವಿಭಾಗದ ವಿದ್ಯಾರ್ಥಿಯೊಬ್ಬರು ಮಳೆಗಾಲದ ರಜೆಯಲ್ಲಿ ಮನೆಯಲ್ಲಿ ಕುಳಿತು, ಪ್ಲಾಸ್ಟಿಕ್ಕಿನ ಬಿಡಿಭಾಗಗಳಿಂದ ಮಾರುತ್ ಎಂಬ ಜೆಟ್ ಯುದ್ಧವಿಮಾನದ ಪ್ರತಿಕೃತಿಯೊಂದನ್ನು ಜೋಡಿಸಿ, ಬಣ್ಣ ಬಳಿದು, ವಿಭಾಗಕ್ಕೆ ತಂದಿದ್ದರು. ನಾವೆಲ್ಲರೂ ಅದನ್ನು ಕೈಗೆತ್ತಿಕೊಂಡು ನೋಡಿದೆವು; ಮೆಚ್ಚಿದೆವು. ಆ ವೇಳೆಗೆ ಹಿರಿಯ ಅಧ್ಯಾಪಕರೊಬ್ಬರು, "ಇದು ಯಾವ ವರ್ಷದ ವಿಮಾನ?" ಎಂದು ಕೇಳಿದರು. ವಿದ್ಯಾರ್ಥಿಯು ಮಾರುತ್ ನಿರ್ಮಾಣವಾದ ಕಾಲವನ್ನು ಹೇಳಿದರು. "ಅದಲ್ಲ, ನೀವು ಬಳಿದಿರುವ ಈ ಬಣ್ಣದಲ್ಲಿ, ಈ ಲಾಂಛನದಲ್ಲಿ, ಈ ಧೂಳಿನಲ್ಲಿ ಈ ವಿಮಾನ ನಿಂತಿದ್ದುದು ಯಾವ ವರ್ಷ, ಯಾವ ಊರು?" ಎಂದು ಅವರು ಮತ್ತೆ ಕೇಳಿದಾಗ ಉತ್ತರ ಬರಲಿಲ್ಲ. ಆ ಪ್ರಶ್ನೆಗೆ ಉತ್ತರವನ್ನು ಹುಡುಕುತ್ತ ಹೋದಾಗ ನಮಗೆ ಕಂಡುಬಂದ ಕೆಲವು ಸಂಗತಿಗಳನ್ನು ಇಲ್ಲಿ ವಿವೇಚಿಸಿದ್ದೇವೆ.

ಮೊದಲು ಆ ಪ್ರತಿಕೃತಿಯ ವಿಚಾರ. ಅದು ದೊಡ್ಡ ಕಂಪೆನಿಗಳು ಅಚ್ಚಿನಲ್ಲಿ ಎರಕಹೊಯ್ದು ಕಳುಹಿಸುವ ಬಗೆಯದಲ್ಲ. ಕಾಯಿಸಿದ ಪ್ಲಾಸ್ಟಿಕ್ ಹಾಳೆಯನ್ನು ಅಚ್ಚಿನ ಮೇಲೆ ಹೀರಿಸಿ ರೂಪ ಕೊಟ್ಟುದು. ಭಾಗಗಳನ್ನು ಹಾಳೆಯಿಂದ ಚೂರಿಯಲ್ಲಿ ಗೀರಿ ಬಿಡಿಸಿ, ಅಂಚನ್ನು ಉಪ್ಪುಕಾಗದದ ಮೇಲೆ ಉಜ್ಜಿ ಸಮಮಾಡಿ ಕೂಡಿಸಬೇಕು. ಪ್ರಮಾಣವು 1:72. ಅಂಗುಲವೊಂದಕ್ಕೆ ಆರು ಅಡಿ ಎಂಬ ಇಂಗ್ಲಿಷ್ ಅಳತೆಯಿಂದ ಹುಟ್ಟಿದ ಈ ಪ್ರಮಾಣವು 1930ರ ದಶಕದಲ್ಲಿ ಬ್ರಿಟನ್ನಿನ ಮರದ ಪ್ರತಿಕೃತಿಗಳಲ್ಲಿ ರೂಢಿಗೆ ಬಂದು, 1936ರಲ್ಲಿ ಹೊರಬಂದ ಮೊದಲ ಪ್ಲಾಸ್ಟಿಕ್ ಪೆಟ್ಟಿಗೆಗಳಲ್ಲಿಯೂ ಮುಂದುವರಿದು, ಇಂದಿಗೂ ಉಳಿದಿದೆ. ಮಾರುತ್ ವಿಮಾನದ ಉದ್ದ 15.87 ಮೀಟರು, ರೆಕ್ಕೆಗಳ ಹರವು 9 ಮೀಟರು. ಆದುದರಿಂದ ಪ್ರತಿಕೃತಿಯು 22 ಸೆಂಟಿಮೀಟರು ಉದ್ದ, ಹನ್ನೆರಡೂವರೆ ಸೆಂಟಿಮೀಟರು ಅಗಲ. ಅಂಗೈಯಗಲದ ಈ ವಸ್ತುವಿನ ಮೇಲೆ ಕುಂಚದಿಂದ ಬಳಿದ ಬಣ್ಣದ ಪದರವು ಒಂದು ಮಿಲಿಮೀಟರಿನ ಇಪ್ಪತ್ತನೆಯ ಒಂದು ಪಾಲಿನಷ್ಟು ದಪ್ಪವಿದ್ದರೂ, ಪ್ರಮಾಣಕ್ಕೆ ತಕ್ಕಂತೆ ಲೆಕ್ಕಹಾಕಿದರೆ ನಿಜವಾದ ವಿಮಾನದ ಮೇಲೆ ಮೂರೂವರೆ ಮಿಲಿಮೀಟರಿಗಿಂತ ದಪ್ಪನಾದ ಲೇಪವಾಗುತ್ತದೆ. ಅಷ್ಟು ಬಣ್ಣ ಹೊತ್ತ ವಿಮಾನ ಎಲ್ಲಿಯೂ ಹಾರಿದ್ದಿಲ್ಲ. ಈ ಕೆಲಸದಲ್ಲಿ ತೆಳುವಾಗಿ, ಹಲವು ಸಲ, ಪ್ರತಿಯೊಂದು ಪದರವೂ ಒಣಗುವವರೆಗೆ ಕಾದು ಬಳಿಯಬೇಕೆಂಬ ನಿಯಮಕ್ಕೆ ಇದೇ ಕಾರಣ.

ಆದರೆ ಕಾಯುವುದೆಂದರೆ ಕೊಟ್ಟಿಗೆಹಾರದ ಜುಲೈ ತಿಂಗಳಿನಲ್ಲಿ ಸುಲಭವಲ್ಲ. ವಿದ್ಯಾರ್ಥಿಯು ಕೊನೆಯ ವಾರ್ನಿಷನ್ನು ಹಚ್ಚಿದ ಮರುಗಳಿಗೆಯೇ ರೆಕ್ಕೆಗಳ ಮೇಲೆ ಬೂಷ್ಟು ಹಿಡಿದಂತೆ ಬಿಳುಪು ಕವಿಯಿತಂತೆ. ಲ್ಯಾಕರ್ ಜಾತಿಯ ವಾರ್ನಿಷ್ ಹಚ್ಚಿದಾಗ ಅದರಲ್ಲಿನ ತಿನ್ನರ್ ವೇಗವಾಗಿ ಆವಿಯಾಗಿ, ಆವಿಯಾಗುವ ಭರದಲ್ಲಿ ಮೇಲ್ಮೈಯ ಶಾಖವನ್ನು ಹೀರಿಕೊಳ್ಳುತ್ತದೆ. ತಣ್ಣಗಾದ ಆ ಮೇಲ್ಮೈಯ ಮೇಲೆ ಗಾಳಿಯ ತೇವವು ಇಬ್ಬನಿಯಂತೆ ಕೂತು ಪದರದೊಳಗೆ ಸಿಕ್ಕಿಕೊಳ್ಳುತ್ತದೆ. ಘಟ್ಟದ ಮೇಲೆ ಮಂಜು ಮನೆಯೊಳಕ್ಕೇ ಬರುವ ಕಾಲದಲ್ಲಿ ಇದು ಆಗದಿದ್ದರೆ ಆಶ್ಚರ್ಯ. ಮಲೆನಾಡಿನಲ್ಲಿ ಒಣಗದ ವಸ್ತುಗಳಿಗೆಲ್ಲ ಒಂದೇ ಗತಿಯಾದ ಬಚ್ಚಲೊಲೆಯ ಅಟ್ಟಕ್ಕೆ ಮನೆಯ ಹಿರಿಯರು ವಿಮಾನವನ್ನೂ ಏರಿಸಿದರು. ಪಾಲಿಸ್ಟೈರೀನ್ ಪ್ಲಾಸ್ಟಿಕ್ಕು ನೀರು ಕುದಿಯುವ ಶಾಖ ತಲಪುವ ಮೊದಲೇ ಮೆತ್ತಗಾಗತೊಡಗುವುದರಿಂದ, ಮೂರು ದಿನಗಳಲ್ಲಿ ಎಡರೆಕ್ಕೆ ತುಸು ಬಾಗಿತು. ಹೊಗೆಯ ಮಸಿಯೂ ಕೂಡಿತು. ಆ ಬಾಗು ಇಂದಿಗೂ ಇದೆ. ವಾರ್ನಿಷಿನ ಬಿಳುಪು ಮಾತ್ರ, ತಡವಾಗಿ ಆವಿಯಾಗುವ ತಿನ್ನರನ್ನು ತೆಳುವಾಗಿ ಹಚ್ಚಿ ಪದರವನ್ನು ಮತ್ತೆ ಕರಗಿಸಿ, ಮಳೆ ಬಿಟ್ಟ ದಿನ ಒಣಗಿಸಿದಾಗ ಹೋಯಿತು.

ಇಲ್ಲಿಯವರೆಗಿನದು ಕೈಗೆಲಸದ ಮಾತು. ಚರಿತ್ರೆಯ ಮಾತು ಈಗ ಆರಂಭವಾಗುತ್ತದೆ. ಪ್ರತಿಕೃತಿಯೆಂದರೆ ವಿಮಾನ ಹಾರಿ ಹೆಸರು ಮಾಡಿದ ಮೇಲೆ ಅದನ್ನು ಅನುಕರಿಸಿ ಮಾಡುವ ಆಟಿಕೆಯೆಂಬ ಭಾವನೆ ಸಾಮಾನ್ಯವಾಗಿದೆ. ಮಾರುತ್ ವಿಮಾನದ ಮಟ್ಟಿಗೆ ಅದು ಸರಿಯಲ್ಲ. ಅಲ್ಲಿ ಪ್ರತಿಕೃತಿಯೇ ಮೊದಲು, ವಿಮಾನ ಆಮೇಲೆ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಅವರ ಉದ್ಯಮ ಹಾಗೂ ಮೈಸೂರು ಸರ್ಕಾರದ ಬೆಂಬಲದಿಂದ ಬೆಂಗಳೂರಿನಲ್ಲಿ ಸ್ಥಾಪಿತವಾದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯು 1951ರಲ್ಲಿ ಎಚ್‌ಟಿ-2 ಎಂಬ ತರಬೇತಿ ವಿಮಾನವನ್ನು ಸ್ವಂತ ವಿನ್ಯಾಸದಿಂದ ಹಾರಿಸಿತ್ತು. ಜೆಟ್ ಯುದ್ಧವಿಮಾನದ ವಿನ್ಯಾಸವು ಅದಕ್ಕೆ ಹೊಸದು. ಎರಡನೆಯ ಮಹಾಯುದ್ಧದಲ್ಲಿ ಪ್ರಸಿದ್ಧವಾದ ಫೋಕ್-ವುಲ್ಫ್ 190 ವಿಮಾನದ ವಿನ್ಯಾಸಕಾರರೂ, ಯುದ್ಧಾನಂತರ ಅರ್ಜೆಂಟೀನದಲ್ಲಿ ಕೆಲಸ ಮಾಡಿದವರೂ ಆದ ಕುರ್ಟ್ ಟ್ಯಾಂಕ್ ಅವರು 1956ರಲ್ಲಿ ತಮ್ಮ ಜರ್ಮನ್ ಸಹೋದ್ಯೋಗಿಗಳ ತಂಡದೊಡನೆ ಬೆಂಗಳೂರಿಗೆ ಬಂದು, ಭಾರತೀಯ ಎಂಜಿನಿಯರುಗಳ ಜತೆಗೂಡಿ ಎಚ್‌ಎಫ್-24ರ ವಿನ್ಯಾಸವನ್ನು ಕೈಗೊಂಡರು. ಲೋಹದ ವಿಮಾನ ಸಿದ್ಧವಾಗುವುದಕ್ಕೆ ಮುಂಚೆ ಅದೇ ಅಳತೆಯ, ಅದೇ ರೆಕ್ಕೆಯ ಆಕಾರದ, ಎಂಜಿನ್ ಇಲ್ಲದ ಮರದ ವಿಮಾನವೊಂದನ್ನು ಅವರು ಕಟ್ಟಿದರು. ಎಕ್ಸ್-241 ಎಂಬ ಹೆಸರಿನ ಈ ಗ್ಲೈಡರನ್ನು 1959ರ ಏಪ್ರಿಲ್ 1ರಂದು ಡಕೋಟ ವಿಮಾನವೊಂದು ಹಗ್ಗ ಕಟ್ಟಿ ಎಳೆದುಕೊಂಡು ಆಕಾಶಕ್ಕೊಯ್ದಿತು. ಮಡಿಚಿಕೊಳ್ಳುವ ಚಕ್ರಗಳೂ ರೆಕ್ಕೆಯ ಮಡಿಕೆಗಳೂ ವಾಯುರೋಧಕಗಳೂ ಇದ್ದ ಈ ಮರದ ವಿಮಾನ ಒಟ್ಟು 78 ಸಲ ಹಾರಿತೆಂದು ತಿಳಿದುಬರುತ್ತದೆ. ಕೊನೆಗೆ ಇಳಿಯುವಾಗ ಮೂತಿಯ ಚಕ್ರ ಹೊರಬಾರದೆ ನೆಲಕ್ಕೆ ತಗುಲಿ ಜಖಂಗೊಂಡಿತು. ಒಂದಕ್ಕೊಂದು ಪ್ರಮಾಣದ ಈ ಪ್ರತಿಕೃತಿಯು ಕಲಿಸಿದ ಪಾಠಗಳನ್ನು ಹೊತ್ತು 1961ರ ಜೂನ್ ತಿಂಗಳಿನಲ್ಲಿ, ವಿಂಗ್ ಕಮಾಂಡರ್ ಸುರಂಜನ್ ದಾಸ್ ಅವರ ಕೈಯಲ್ಲಿ, ಲೋಹದ ಮೊದಲ ಮಾರುತ್ ಬೆಂಗಳೂರಿನ ಆಕಾಶದಲ್ಲಿ ಹಾರಿತು.

ಪ್ರತಿಕೃತಿಗೆ ಬಣ್ಣವೇ ಬೇಡವಾಗಿದ್ದ ಕಾಲವೂ ಒಂದಿತ್ತೆಂಬುದನ್ನು ಇಲ್ಲಿ ಪ್ರಾಸಂಗಿಕವಾಗಿ ಸ್ಮರಿಸಬಹುದು. 1942ರಲ್ಲಿ ಅಮೆರಿಕದ ನೌಕಾಸೇನೆಯು ಶತ್ರು ಮಿತ್ರ ವಿಮಾನಗಳನ್ನು ಆಕಾರದಿಂದಲೇ ಗುರುತಿಸುವ ಶಿಕ್ಷಣಕ್ಕಾಗಿ ಶಾಲಾ ಮಕ್ಕಳಿಂದ ಐದು ಲಕ್ಷ ಮರದ ಪ್ರತಿಕೃತಿಗಳನ್ನು ಮಾಡಿಸಲು ಹೊರಟಿತು. ಪ್ರಮಾಣ ಇದೇ 1:72. ಬಣ್ಣ ಮಾತ್ರ ಎಲ್ಲಕ್ಕೂ ಕಪ್ಪು. ಬಾನಿನ ಬೆಳಕಿಗೆ ಎದುರಾಗಿ ನೋಡುವವನಿಗೆ ವಿಮಾನವು ಕಪ್ಪು ನೆರಳಾಗಿಯೇ ಕಾಣುವುದರಿಂದ ಅದು ಸರಿಯೂ ಆಗಿತ್ತು. ಆ ಕಪ್ಪು ವಿಮಾನಕ್ಕೆ ವರ್ಷವಿಲ್ಲ, ಊರಿಲ್ಲ. ಬಣ್ಣ ಬಳಿದೊಡನೆ, ವಿಮಾನವು ಒಂದು ಕಾಲಕ್ಕೆ, ಒಂದು ಸ್ಥಳಕ್ಕೆ ಸೇರಿದುದಾಗುತ್ತದೆ. ಅಂದರೆ ಬಣ್ಣ ಬಳಿದವನು ತಿಳಿದೋ ತಿಳಿಯದೆಯೋ ಒಂದು ಐತಿಹಾಸಿಕ ಹೇಳಿಕೆಯನ್ನು ಮಾಡಿದಂತಾಗುತ್ತದೆ. ಹೇಳಿಕೆ ಮಾಡಿದವನನ್ನು ಆಧಾರವೇನೆಂದು ಕೇಳುವುದು ನಮ್ಮ ಶಾಸ್ತ್ರದ ಧರ್ಮ.

ಮಾರುತ್ ವಿಷಯದಲ್ಲಿ ಕಾಲನಿರ್ಣಯಕ್ಕೆ ಬೇಕಾದ ಚೌಕಟ್ಟು ಸ್ಪಷ್ಟವಾಗಿಯೇ ಇದೆ. ಶಬ್ದವೇಗದ ಎರಡರಷ್ಟನ್ನು ಗುರಿಯಾಗಿಟ್ಟುಕೊಂಡು ರೂಪಿಸಿದ ಈ ವಿಮಾನಕ್ಕೆ ತಕ್ಕ ಎಂಜಿನ್ ದೊರೆಯಲಿಲ್ಲ. ಉದ್ದೇಶಿಸಿದ್ದ ಬ್ರಿಟಿಷ್ ಎಂಜಿನಿನ ಅಭಿವೃದ್ಧಿಯೇ ನಿಂತುಹೋಗಿ, ಕಡಿಮೆ ಬಲದ ಆರ್ಫಿಯಸ್ 703 ಎಂಜಿನ್ ಎರಡನ್ನು ಅಳವಡಿಸಬೇಕಾಯಿತು. ವೇಗವು ಶಬ್ದವೇಗದ ಆಸುಪಾಸಿನಲ್ಲೇ ಉಳಿಯಿತು. ಎಂಜಿನಿಗೆ ಹೆಚ್ಚಿನ ಬಲ ಕೊಡುವ ಪ್ರಯೋಗದ ವಿಮಾನವೊಂದರಲ್ಲಿಯೇ 1970ರ ಜನವರಿಯಲ್ಲಿ ಸುರಂಜನ್ ದಾಸ್ ಅವರು ಮಡಿದರು. ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣದ ಬಳಿಯ ರಸ್ತೆಯೊಂದಕ್ಕೆ ಅವರ ಹೆಸರಿದೆ. ಅದರಲ್ಲಿ ದಿನವೂ ಓಡಾಡುವವರಿಗೆ ಆ ಹೆಸರಿನ ಹಿಂದಿರುವ ಕಥೆ ತಿಳಿದಿರುವುದು ಅಪರೂಪ. ವಾಯುಸೇನೆಗೆ ಮಾರುತ್‌ಗಳು 1967ರಿಂದ ಸೇರತೊಡಗಿದವು; ಎರಡಾಸನದ ತರಬೇತಿ ವಿಮಾನಗಳೂ ಸೇರಿ ಒಟ್ಟು 147 ನಿರ್ಮಾಣವಾದವು. 1971ರ ಯುದ್ಧದಲ್ಲಿ 10 ಮತ್ತು 220ನೆಯ ಸ್ಕ್ವಾಡ್ರನ್ನುಗಳ ಮಾರುತ್‌ಗಳು ರಾಜಸ್ಥಾನದ ಜೋಧಪುರ, ಉತ್ತರ್‌ಲಾಯಿ ನೆಲೆಗಳಿಂದ ಹೋರಾಡಿದವು. 31ನೆಯ ಸ್ಕ್ವಾಡ್ರನ್ನಿಗೆ ಈ ವಿಮಾನ ಬಂದುದು ಯುದ್ಧ ಮುಗಿದ ಮೇಲೆ. 1990ರ ವೇಳೆಗೆ ಮಾರುತ್ ಸೇವೆಯಿಂದ ನಿವೃತ್ತವಾಯಿತು. ಆದುದರಿಂದ 31ನೆಯ ಸ್ಕ್ವಾಡ್ರನ್ನಿನ ಚಿಹ್ನೆ ಹೊತ್ತ ಪ್ರತಿಕೃತಿಯನ್ನು 1971ರ ಯುದ್ಧದ ದೃಶ್ಯದಲ್ಲಿ ನಿಲ್ಲಿಸುವುದು, ವಿಷ್ಣುವರ್ಧನನ ಶಾಸನಕ್ಕೆ ವೀರಬಲ್ಲಾಳನ ಬಿರುದನ್ನು ಸೇರಿಸಿದಂತೆ. ನಮ್ಮ ವಿದ್ಯಾರ್ಥಿಯು ಈ ತಪ್ಪನ್ನೇನೂ ಮಾಡಿರಲಿಲ್ಲ. ಅವರು ಮಾಡಿದ್ದ ತಪ್ಪು ಇದಕ್ಕಿಂತ ಸೂಕ್ಷ್ಮವಾದುದು. ನಮಗೆ ಹೆಚ್ಚು ಕಲಿಸಿದುದೂ ಅದೇ.

ಪ್ರತಿಕೃತಿಯ ಮೇಲ್ಮೈಗೆ ಅವರು ಹಸಿರು ಮತ್ತು ಕಂದು ಎಂಬ ಎರಡು ಬಣ್ಣಗಳ ಮರೆಬಣ್ಣವನ್ನು, ಎಂದರೆ ಶತ್ರುವಿನ ಕಣ್ಣು ತಪ್ಪಿಸಲು ಅಲೆಅಲೆಯಾಗಿ ಬಳಿಯುವ ಬಣ್ಣವನ್ನು, ಬಳಿದಿದ್ದರು. ಆಧಾರವೇನೆಂದು ಕೇಳಿದಾಗ ಹಳೆಯ ವರ್ಣಚಿತ್ರದ ಪ್ರತಿಯೊಂದನ್ನು ತೋರಿಸಿದರು. ಅದರಲ್ಲಿ ಕಂದುಬಣ್ಣ ನಿಸ್ಸಂಶಯವಾಗಿ ಕಾಣುತ್ತಿತ್ತು. ಛಾಯಾಚಿತ್ರಕ್ಕಿಂತ ಮಿಗಿಲಾದ ಸಾಕ್ಷಿ ಯಾವುದೆಂದು ನಾವೂ ಒಪ್ಪಿಬಿಡುವುದರಲ್ಲಿದ್ದೆವು. ಆದರೆ ಅದೇ ಚಿತ್ರವನ್ನು ಕಿಟಕಿಯ ಬೆಳಕಿನಲ್ಲಿ ಹಿಡಿದು ನೋಡಿದಾಗ ವಿಮಾನದ ಹಿಂದಿನ ಆಕಾಶವೂ ನಸುಗೆಂಪಾಗಿತ್ತು. ಆಮೇಲೆ ರೆಕ್ಕೆಯ ಮೇಲಿನ ವೃತ್ತಲಾಂಛನವನ್ನು ನೋಡಿದೆವು. ಗಣರಾಜ್ಯವಾದಂದಿನಿಂದ ನಮ್ಮ ವಾಯುಸೇನೆಯ ಲಾಂಛನವು ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು ಎಂಬ ಕ್ರಮದ ಮೂರು ವೃತ್ತಗಳಾಗಿದೆ. ಅದರ ಬಿಳಿಯು ಬಿಳಿಯೆಂಬುದರಲ್ಲಿ ಯಾರಿಗೂ ವಿವಾದವಿಲ್ಲ. ಆ ಚಿತ್ರದಲ್ಲಿ ಆ ಬಿಳಿಯೂ ಗುಲಾಬಿಯಾಗಿತ್ತು.

ಕಾರಣ ತಿಳಿಯುವುದು ಕಷ್ಟವಲ್ಲ. ಆ ಕಾಲದ ವರ್ಣಚಿತ್ರಗಳಲ್ಲಿ ಹಳದಿ, ಕೆನ್ನೇರಿಳೆ, ಹಸುರುನೀಲಿ ಎಂಬ ಮೂರು ವರ್ಣದ್ರವ್ಯಗಳ ಪದರಗಳಿರುತ್ತಿದ್ದವು. ಕತ್ತಲೆಯ ಪೆಟ್ಟಿಗೆಯಲ್ಲಿಟ್ಟರೂ ವರ್ಷಗಳು ಕಳೆದಂತೆ ಇವುಗಳಲ್ಲಿ ಹಸುರುನೀಲಿಯೇ ಮೊದಲು ಕುಂದುವುದು ಸಾಮಾನ್ಯ. ಅದು ಕುಂದಿದ ಚಿತ್ರ ಒಟ್ಟಾರೆ ಕೆಂಪಿಗೆ ತಿರುಗುತ್ತದೆ, ಬೂದು ಕಂದಾಗುತ್ತದೆ, ಕಡುಹಸಿರು ಒಣಗಿದ ಎಲೆಯ ಬಣ್ಣಕ್ಕಿಳಿಯುತ್ತದೆ. ಹೀಗಿರಲಾಗಿ ಆ ಚಿತ್ರದ ಕಂದು, ವಿಮಾನದ ಬಣ್ಣವೋ ಕಾಗದದ ಮುಪ್ಪೋ ಎಂದು ಹೇಳಬರುವಂತಿಲ್ಲ. ಬ್ರಿಟನ್ನಿನಿಂದ ಕೊಂಡ ಹಂಟರ್ ವಿಮಾನಗಳು ಕಡುಹಸಿರು ಮತ್ತು ಕಡುಬೂದು ಬಣ್ಣಗಳಲ್ಲಿ ನಮ್ಮ ವಾಯುಸೇನೆಯಲ್ಲಿದ್ದುವೆಂಬುದು ಪ್ರಸಿದ್ಧ ಸಂಗತಿ. ಆ ಹಂಟರೊಂದನ್ನು ಇಂಥದೇ ಮುದಿಚಿತ್ರದಲ್ಲಿ ನೋಡಿದವನು ಅದನ್ನೂ ಹಸಿರು-ಕಂದು ಎಂದೇ ಬರೆದಿಟ್ಟಾನು. ಆದುದರಿಂದ ವರ್ಣಚಿತ್ರದಿಂದ ಬಣ್ಣವನ್ನು ಓದುವ ಮೊದಲು, ಅದೇ ಚಿತ್ರದಲ್ಲಿ ನಮಗೆ ನಿಶ್ಚಿತವಾಗಿ ತಿಳಿದಿರುವ ಬಣ್ಣವೊಂದನ್ನು ಹುಡುಕಿ, ಅದು ಎಷ್ಟು ದಾರಿತಪ್ಪಿದೆಯೆಂದು ಅಳೆದು, ಉಳಿದುದನ್ನು ಅಷ್ಟು ಹಿಂದಕ್ಕೆ ಸರಿಸಿ ನೋಡಬೇಕು. ಲಾಂಛನದ ಬಿಳಿಯು ಇದಕ್ಕೆ ಉತ್ತಮ ಸಾಧನ. ಶಾಸನದ ಲಿಪಿಯನ್ನು ಓದುವವರು ಕಾಲ ತಿಳಿದ ಅಕ್ಷರಗಳಿಂದ ತಿಳಿಯದ ಅಕ್ಷರಗಳಿಗೆ ಹೋಗುವ ಕ್ರಮವೂ ಇದೇ ಅಲ್ಲವೆ?

ಕಪ್ಪುಬಿಳುಪಿನ ಚಿತ್ರಗಳು ಇನ್ನೊಂದು ಬಗೆಯಲ್ಲಿ ವಂಚಿಸುತ್ತವೆ. ಕೆಂಪು ಬೆಳಕಿಗೆ ಸ್ಪಂದಿಸದ ಹಳೆಯ ಫಿಲ್ಮಿನಲ್ಲಿ ಕೇಸರಿಯು ಹಸಿರಿಗಿಂತ ಕಪ್ಪಾಗಿ ಮೂಡುತ್ತದೆ. ಎಲ್ಲ ಬಣ್ಣಗಳಿಗೂ ಸ್ಪಂದಿಸುವ ಫಿಲ್ಮಿನಲ್ಲಿ ಎರಡೂ ಒಂದೇ ಬೂದಾಗಿ ಕಂಡರೂ ಕಾಣಬಹುದು. ಆದರೆ ಕಪ್ಪುಬಿಳುಪಿನ ಚಿತ್ರಕ್ಕೆ ಒಂದು ಪ್ರಾಮಾಣಿಕತೆಯಿದೆ: ಬಣ್ಣವನ್ನು ಬಲ್ಲೆನೆಂದು ಅದು ಹೇಳುವುದಿಲ್ಲ. ಎರಡು ಬಣ್ಣಗಳ ಗಡಿ ಎಲ್ಲಿ ಹಾದಿದೆ, ಆ ಗಡಿ ಹರಿತವೋ ಮಸುಕೋ, ಸಂಖ್ಯೆಯನ್ನು ಎಲ್ಲಿ ಬರೆದಿದ್ದರು, ಫಿರಂಗಿಯ ಬಾಯ ಬಳಿ ಮಸಿ ಎಷ್ಟು ಹಿಂದಕ್ಕೆ ಹಬ್ಬಿತ್ತು ಎಂಬುದಕ್ಕೆ ಅದಕ್ಕಿಂತ ನಂಬಿಕೆಯ ಸಾಕ್ಷಿ ಬೇರೊಂದಿಲ್ಲ. ಮಾರುತ್ ಮೂತಿಯ ಇಕ್ಕೆಲಗಳಲ್ಲಿ 30 ಮಿಲಿಮೀಟರಿನ ನಾಲ್ಕು ಏಡನ್ ಫಿರಂಗಿಗಳಿದ್ದುವಾದುದರಿಂದ, ಆ ಮಸಿಯು ಅಲಂಕಾರವಲ್ಲ, ಕೆಲಸದ ಗುರುತು.

ಹಾಗಾದರೆ ನಿಜವಾದ ವಿಮಾನಗಳನ್ನೇ ಹೋಗಿ ನೋಡಬಾರದೇಕೆ ಎಂದು ವಾಚಕರು ಕೇಳಬಹುದು. ನಾವು ಆ ಯೋಚನೆಯಿಂದಲೇ ಬೆಂಗಳೂರಿಗೆ ಹೋದೆವು. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯದ ಆವರಣದಲ್ಲಿ ಒಂದು ಮಾರುತ್ ಇದೆ. 2001ರಲ್ಲಿ ತೆರೆದ ಎಚ್‌ಎಎಲ್ ವಸ್ತುಸಂಗ್ರಹಾಲಯದಲ್ಲಿ ಇನ್ನೊಂದಿದೆ. ಜರ್ಮನಿಯ ಮ್ಯೂನಿಕ್ ಬಳಿಯ ಷ್ಲೈಸ್‌ಹೈಮಿನಲ್ಲಿಯೂ ಒಂದುಂಟು, ಟ್ಯಾಂಕ್ ಅವರ ತಾಯ್ನಾಡಿಗೆ ಇದು ಸಲ್ಲತಕ್ಕದ್ದೇ. ಆದರೆ ಬಯಲಿನಲ್ಲಿ ನಿಂತ ಲೋಹದ ವಸ್ತುವನ್ನು ಬಿಸಿಲು ಮಳೆಗಳಿಂದ ಕಾಪಾಡಬೇಕಾದರೆ ಆಗಾಗ ಬಣ್ಣ ಬಳಿಯಲೇಬೇಕು. ಬಳಿದ ಬಣ್ಣವು ವಿಮಾನವನ್ನು ಉಳಿಸುತ್ತದೆ, ಅದರ ಹಳೆಯ ಬಣ್ಣವನ್ನು ಮುಚ್ಚುತ್ತದೆ. ಗುಡಿಯ ಕಂಬಗಳಿಗೆ ಸುಣ್ಣ ಬಳಿದು ಶಾಸನಗಳನ್ನು ಕಾಪಾಡಿಯೂ ಕಾಣದಂತೆ ಮಾಡಿದ ಉದಾಹರಣೆಗಳು ನಮ್ಮ ನಾಡಿನಲ್ಲಿ ಬೇಕಾದಷ್ಟಿವೆ. ಇದನ್ನು ಆಕ್ಷೇಪವೆಂದು ಹೇಳುತ್ತಿಲ್ಲ. ಬಯಲಿನಲ್ಲಿ ನಿಂತ ವಿಮಾನವು ಆಕಾರಕ್ಕೂ ಅಳತೆಗೂ ಪ್ರಥಮ ದರ್ಜೆಯ ಆಧಾರ, ಬಣ್ಣಕ್ಕೆ ಮಾತ್ರ ಅದು ತನ್ನನ್ನು ಕೊನೆಯ ಬಾರಿ ಬಳಿದವರ ಕಾಲದ ಆಧಾರ ಎಂಬಿಷ್ಟೇ ನಮ್ಮ ಅಭಿಪ್ರಾಯ. ಮೂಲಬಣ್ಣದ ಕಣಗಳು ಉಳಿದಿರಬಹುದಾದುದು ಬಾಗಿಲುಗಳ ಒಳಮೈಯಲ್ಲಿ, ಚಕ್ರದ ಗೂಡಿನಲ್ಲಿ, ಕುಂಚ ಹೋಗದ ಮೂಲೆಗಳಲ್ಲಿ. ಅಂಥ ಮೂಲೆಗಳನ್ನು ಮುಂದಿನ ಬಣ್ಣಕ್ಕೆ ಮೊದಲು ಪರೀಕ್ಷಿಸಿ ದಾಖಲೆ ಮಾಡುವುದಕ್ಕೆ ಹೆಚ್ಚಿನ ಹಣವೇನೂ ಬೇಕಾಗಲಾರದು.

ಬಣ್ಣದ ಛಾಯೆಯ ಬಗ್ಗೆ ಪ್ರತಿಕೃತಿಕಾರರಲ್ಲಿ ಇನ್ನೊಂದು ವಾದವಿದೆ. ದೂರದ ವಸ್ತುವಿನ ಬಣ್ಣ ಗಾಳಿಯಿಂದ ಮಸುಕಾಗುವುದರಿಂದ, ಪ್ರತಿಕೃತಿಗೆ ಬಳಿಯುವ ಬಣ್ಣಕ್ಕೆ ಪ್ರಮಾಣಾನುಸಾರ ಬಿಳಿಯನ್ನು ಬೆರೆಸಬೇಕೆಂದು ಹಲವರು ಹೇಳುತ್ತಾರೆ. ಘಟ್ಟದ ಅಂಚಿನಲ್ಲಿ ನಿಂತು, ಹತ್ತಿರದ ಗುಡ್ಡ ಹಸಿರಾಗಿಯೂ ಅದರಾಚೆಯದು ನೀಲಿಯಾಗಿಯೂ ಕೊನೆಯದು ಬರಿಯ ಬೂದಿಯಾಗಿಯೂ ಕಾಣುವುದನ್ನು ನೋಡಿದವರಿಗೆ ಈ ವಾದದ ಮೂಲವನ್ನು ವಿವರಿಸಬೇಕಾಗಿಲ್ಲ. ಆದರೆ ಲೆಕ್ಕ ನೋಡೋಣ. ಪ್ರತಿಕೃತಿಯನ್ನು ಒಂದಡಿಯ, ಎಂದರೆ 30 ಸೆಂಟಿಮೀಟರಿನ ದೂರದಿಂದ ನೋಡಿದರೆ ಅದು ನಿಜವಾದ ವಿಮಾನವನ್ನು 21.6 ಮೀಟರು ದೂರದಿಂದ ನೋಡಿದುದಕ್ಕೆ ಸಮ. ಬೆಂಗಳೂರಿನ ಹಗಲಿನಲ್ಲಿ ಅಷ್ಟು ದೂರದ ಬಣ್ಣವನ್ನು ಗಾಳಿ ಕೆಡಿಸುವುದಿಲ್ಲ. ಚಾರ್ಮಾಡಿಯ ಆಷಾಢದ ಮಂಜಿನಲ್ಲಾದರೋ ವಿಮಾನವೇ ಕಾಣಿಸುವುದಿಲ್ಲ! ಚಿಕ್ಕ ವಸ್ತುವಿನ ಮೇಲೆ ಕಡುಬಣ್ಣ ಕಣ್ಣಿಗೆ ಇನ್ನೂ ಕಡುವಾಗಿ ತೋರುವುದು ನಿಜವಾಗಿರಬಹುದು. ಆದರೆ ಅದು ಕಣ್ಣಿನ ಮಾತು, ಗಾಳಿಯ ಮಾತಲ್ಲ. ಕಣ್ಣಿನ ತೀರ್ಪನ್ನು ಪ್ರತಿಶತ ಲೆಕ್ಕದ ಸೂತ್ರವಾಗಿ ಮಾಡುವುದರಲ್ಲಿ ನಮಗೆ ನಂಬಿಕೆಯಿಲ್ಲ.

ಮೆರುಗಿನ ವಿಷಯದಲ್ಲಿ ನಮ್ಮ ನಾಡಿನ ಕುಶಲಕರ್ಮಿಗಳ ಪರಂಪರೆಯನ್ನು ನೆನೆಯದೆ ಮುಂದೆ ಹೋಗುವುದು ಸರಿಯಾಗದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸವು ಚಿತ್ರಕ್ಕೆ ಭಿತ್ತಿಯನ್ನು ಸಿದ್ಧಪಡಿಸುವ ಕ್ರಮವನ್ನು ಹೇಳುವಾಗ, ಎಮ್ಮೆಯ ಚರ್ಮದಿಂದ ತೆಗೆದ ವಜ್ರಲೇಪವೆಂಬ ಅಂಟಿನೊಡನೆ ಬಿಳಿಯ ಮಣ್ಣನ್ನು ಬೆರೆಸಿ, ಒಣಗಿದಂತೆಲ್ಲ ಮತ್ತೆ ಮತ್ತೆ ಲೇಪಿಸಬೇಕೆನ್ನುತ್ತದೆ. ಕೊಪ್ಪಳದ ಬಳಿಯ ಕಿನ್ನಾಳದ ಚಿತ್ರಗಾರರು ಹಗುರವಾದ ಮರದ ಗೊಂಬೆಯ ಬಿರುಕುಗಳನ್ನು ಹುಣಸೆಬೀಜದ ಅಂಟಿನ ಮಿಶ್ರಣದಿಂದ ತುಂಬಿ, ಬಿಳಿಯ ತಳಬಣ್ಣ ಕೊಟ್ಟು, ಅದರ ಮೇಲೆ ವರ್ಣವನ್ನು ಬಳಿಯುತ್ತಾರೆ. ಲೋಹದ ಹೊಳಪು ಬೇಕಾದಲ್ಲಿ ಲಾಜವರವೆಂಬ ಲೋಹಮಿಶ್ರಿತ ಲೇಪವನ್ನು ಬಳಸುತ್ತಾರೆ. ಚನ್ನಪಟ್ಟಣದಲ್ಲಿ ತಿರುಗುವ ಆಲೆಮರದ ತುಂಡಿಗೆ ಅರಗಿನ ಕಡ್ಡಿಯನ್ನು ಒತ್ತಿ, ಉಜ್ಜುವ ಶಾಖದಿಂದಲೇ ಅರಗು ಕರಗಿ ಹರಡುವಂತೆ ಮಾಡಿ, ತಾಳೆಗರಿಯಿಂದ ಒರಸಿ ಹೊಳಪು ಕೊಡುತ್ತಾರೆ. ಪ್ಲಾಸ್ಟಿಕ್ ವಿಮಾನಕ್ಕೆ ಮಾಡಬೇಕಾದ ಕೆಲಸವೂ ಇದೇ ಅನುಕ್ರಮದ್ದು. ಅಚ್ಚಿನ ಎಣ್ಣೆಯೂ ಕೈಯ ಜಿಡ್ಡೂ ಹೋಗುವಂತೆ ಸಾಬೂನಿನ ನೀರಿನಲ್ಲಿ ತೊಳೆಯಬೇಕು. ಸಂದುಗಳಿಗೆ ಪುಟ್ಟಿ ತುಂಬಿ ನೀರು ಹಾಕಿ ಉಜ್ಜಬೇಕು. ಬೂದುಬಣ್ಣದ ಪ್ರೈಮರ್ ಹೊಡೆದು ಉಳಿದ ದೋಷಗಳನ್ನು ಕಾಣಬೇಕು. ತಿಳಿಬಣ್ಣ ಮೊದಲು, ಕಡುಬಣ್ಣ ಅನಂತರ ಬರಬೇಕು.

ಇವುಗಳಲ್ಲಿ ಹೊಸಬರು ತಪ್ಪುವುದು ಲಾಂಛನ ಅಂಟಿಸುವಲ್ಲಿ. ಡಿಕಾಲ್ ಎಂಬ ತೆಳುಪೊರೆಯನ್ನು ನೀರಿನಲ್ಲಿ ನೆನೆಸಿ ಜಾರಿಸಿ ಕೂರಿಸುತ್ತಾರಷ್ಟೆ. ಹೊಳಪಿಲ್ಲದ ಬಣ್ಣದ ಮೇಲ್ಮೈ ಸೂಕ್ಷ್ಮವಾಗಿ ತರಿತರಿಯಾಗಿರುವುದರಿಂದ, ಅದರ ಮೇಲೆ ನೇರವಾಗಿ ಕೂರಿಸಿದರೆ ಪೊರೆಯಡಿ ಗಾಳಿ ಸಿಕ್ಕಿ ಬೆಳ್ಳಿಯಂತೆ ಮಿನುಗುತ್ತದೆ. ಮೊದಲು ಹೊಳಪಿನ ವಾರ್ನಿಷ್, ಅದರ ಮೇಲೆ ಡಿಕಾಲ್, ಎಲ್ಲ ಒಣಗಿದ ಮೇಲೆ ಹೊಳಪಿಲ್ಲದ ವಾರ್ನಿಷ್. ನಮ್ಮ ವಿದ್ಯಾರ್ಥಿಯ ಲಾಂಛನಗಳು ಬಣ್ಣದಲ್ಲಿ ಬರೆದಂತೆಯೇ ಕೂತಿದ್ದುವೆಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. ಲಾಂಛನವೂ ಕಾಲಸೂಚಕವೇ: ಎರಡನೆಯ ಮಹಾಯುದ್ಧದಲ್ಲಿ ಪೂರ್ವರಂಗದ ವಿಮಾನಗಳ ಲಾಂಛನದಿಂದ ಕೆಂಪನ್ನು, ಜಪಾನೀಯರ ಕೆಂಪು ಬಿಂಬವೆಂದು ಸ್ವಪಕ್ಷದವರೇ ಭ್ರಮಿಸಿಯಾರೆಂಬ ಭಯದಿಂದ, ತೆಗೆದುಹಾಕಲಾಗಿತ್ತು.

ಕೊನೆಯದಾಗಿ ಧೂಳಿನ ವಿಚಾರ. ಯುದ್ಧಭೂಮಿಯ ವಿಮಾನವೆಂದು ತೋರಿಸಲು ವಿದ್ಯಾರ್ಥಿಯು ಚಕ್ರಗಳಿಗೂ ರೆಕ್ಕೆಯ ಬುಡಕ್ಕೂ ನುಣುಪಾದ ಮಣ್ಣಿನ ಪುಡಿಯನ್ನು ಒಣಕುಂಚದಿಂದ ಸವರಿದ್ದರು. ನೋಡಲು ಅದು ಬಹಳ ಸೊಗಸಾಗಿತ್ತು. ಮಣ್ಣು ಎಲ್ಲಿಯದೆಂದು ಕೇಳಿದಾಗ, ತೋಟದ ದಾರಿಯ ಕೆಮ್ಮಣ್ಣನ್ನೇ ಒಣಗಿಸಿ ಬಟ್ಟೆಯಲ್ಲಿ ಜರಡಿ ಹಿಡಿದುದಾಗಿ ಹೇಳಿದರು. ಉತ್ತರ್‌ಲಾಯಿ ಇರುವುದು ಬಾಡಮೇರದ ಮರುಭೂಮಿಯಲ್ಲಿ. ಅಲ್ಲಿಯದು ಮಾಸಲು ಹಳದಿಯ ಮರಳು. ಮಲೆನಾಡಿನ ಕೆಂಪು ಅಲ್ಲಿಯ ಚಕ್ರಕ್ಕೆ ಹತ್ತುವಂತಿಲ್ಲ. ತಮ್ಮೂರಿನ ಮಣ್ಣನ್ನು ಹಾಕಬೇಕೆಂದೇ ಹಾಕಿದೆನೆಂದು ಅವರು ಸಂಕೋಚದಿಂದ ಹೇಳಿದಾಗ ನಮ್ಮಲ್ಲಿಯೇ ಎರಡು ಪಕ್ಷಗಳಾದವು. ಮನೆಯ ಕಪಾಟಿನಲ್ಲಿ ಅದು ಇರಲಿ, ವಿಭಾಗದ ಕಪಾಟಿನಲ್ಲಿ ಬೇಡವೆಂದು ಕೊನೆಗೆ ತೀರ್ಮಾನಿಸಿದೆವು. ಅಭಿಮಾನವು ಆಧಾರದ ಸ್ಥಾನದಲ್ಲಿ ಕೂರುವುದು ಧೂಳಿನಲ್ಲಿಯೇ ಆರಂಭವಾಗುವುದುಂಟು. ದೊಡ್ಡ ಗ್ರಂಥಗಳಲ್ಲಿ ಅದನ್ನು ಒರೆಸುವುದು ಇಷ್ಟು ಸುಲಭವಲ್ಲ.

ಛಾಯಾಚಿತ್ರ, ವಸ್ತು ಇವೆರಡೂ ಬಣ್ಣದ ವಿಷಯದಲ್ಲಿ ಅರೆಸಾಕ್ಷಿಗಳಾದ ಮೇಲೆ ಉಳಿಯುವುದು ಬಳಿದವರ ನೆನಪು. ಮಾರುತ್‌ಗಳು ಹೊರಬಿದ್ದುದು ಬೆಂಗಳೂರಿನ ಕಾರ್ಖಾನೆಯಿಂದ. ಅಲ್ಲಿ ಲೋಹದ ಮೈಯನ್ನು ಒರಸಿ, ತಳಬಣ್ಣ ಹೊಡೆದು, ಮೇಲುಬಣ್ಣ ಕೊಟ್ಟು, ಅಚ್ಚಿನ ಹಾಳೆ ಹಿಡಿದು ಲಾಂಛನ ಬರೆದ ಕೈಗಳಲ್ಲಿ ಕನ್ನಡಿಗರ ಕೈಗಳೂ ಇದ್ದವು. 1967ರಲ್ಲಿ ಇಪ್ಪತ್ತರ ಪ್ರಾಯದಲ್ಲಿ ಕೆಲಸಕ್ಕೆ ಸೇರಿದವರಿಗೆ ಈಗ ಎಂಬತ್ತು ಸಮೀಪಿಸಿದೆ. ಮಾರುತ್ ಕುರಿತು ಈವರೆಗೆ ಬಂದಿರುವ ಬರಹಗಳಲ್ಲಿ ವಿನ್ಯಾಸಕಾರರ, ವಿಮಾನಚಾಲಕರ, ಎಂಜಿನಿನ ಕಥೆಯೇ ಹೆಚ್ಚು. ಬಣ್ಣದ ಡಬ್ಬಿಯ ಮೇಲೆ ಯಾವ ಹೆಸರಿತ್ತು, ಎರಡು ಬಣ್ಣಗಳ ಗಡಿಯನ್ನು ಸೀಮೆಸುಣ್ಣದಲ್ಲಿ ಎಳೆಯುತ್ತಿದ್ದರೋ ಅಚ್ಚಿಟ್ಟು ಎಳೆಯುತ್ತಿದ್ದರೋ, ಯುದ್ಧದ ಅವಸರದಲ್ಲಿ ಕ್ರಮ ಬದಲಾಯಿತೋ ಎಂಬ ಪ್ರಶ್ನೆಗಳನ್ನು ಅವರ ಬಳಿ ಕುಳಿತು ಕನ್ನಡದಲ್ಲಿ ಕೇಳಿ ಬರೆದುಕೊಳ್ಳಬೇಕಾಗಿದೆ. ನೆನಪೂ ಚಿತ್ರದಂತೆ ಮಾಸುತ್ತದೆ. ಅಲ್ಲಿಯೂ ಲಾಂಛನದ ಬಿಳಿಯಂಥ, ನಿಶ್ಚಿತವಾದ ಒಂದು ಸಂಗತಿಯನ್ನು ಹಿಡಿದುಕೊಂಡೇ ಕೇಳಬೇಕಾಗುತ್ತದೆ. ಬೆಂಗಳೂರಿನ ಕಾಲೇಜುಗಳ ಚರಿತ್ರೆಯ ವಿದ್ಯಾರ್ಥಿಗಳು ಸ್ನಾತಕೋತ್ತರ ಪ್ರಬಂಧಕ್ಕೆ ಈ ವಿಷಯವನ್ನು ತೆಗೆದುಕೊಂಡರೆ, ಪ್ರಶ್ನಾವಳಿಯನ್ನು ಸಿದ್ಧಪಡಿಸುವುದರಲ್ಲಿ ನಮ್ಮ ವಿಭಾಗ ನೆರವಾಗಲು ಸಿದ್ಧವಿದೆ. ಆದರೆ ಇದನ್ನು ಮುಂದಿನ ವರ್ಷಕ್ಕೆ ದೂಡಬಾರದು.

ವಿದ್ಯಾರ್ಥಿಯು ದಸರೆಯ ರಜೆಯಲ್ಲಿ ಪ್ರತಿಕೃತಿಯನ್ನು ಮನೆಗೆ ಒಯ್ದು, ಕೆಮ್ಮಣ್ಣನ್ನು ತೊಳೆದು ತಂದರು. ಕಂದುಬಣ್ಣವನ್ನು ಬದಲಿಸಬೇಕೆಂದು ನಾವು ಒತ್ತಾಯಿಸಲಿಲ್ಲ; ಬೂದೆಂದು ಹೇಳುವುದಕ್ಕೂ ನಮ್ಮ ಕೈಯಲ್ಲಿ ಆ ಒಂದು ಚಿತ್ರದ ವಿಚಾರಣೆಯಲ್ಲದೆ ಬೇರೆ ಆಧಾರವಿರಲಿಲ್ಲ. ಅದರ ಬದಲು ಪೀಠದ ಮೇಲೆ ಒಂದು ಚೀಟಿ ಅಂಟಿಸಲು ಹೇಳಿದೆವು. ಈಗ ವಿಭಾಗದ ಗಾಜಿನ ಕಪಾಟಿನಲ್ಲಿ, ಎಡರೆಕ್ಕೆ ತುಸು ಬಾಗಿದ ಆ ಮಾರುತ್‌ನ ಕೆಳಗೆ ಹೀಗಿದೆ: "220ನೆಯ ಸ್ಕ್ವಾಡ್ರನ್, ಉತ್ತರ್‌ಲಾಯಿ, ಡಿಸೆಂಬರ್ 1971. ಆಕಾರ: ವಸ್ತುಸಂಗ್ರಹಾಲಯದ ವಿಮಾನವನ್ನು ನೋಡಿ. ಲಾಂಛನ, ಹಸಿರು: ನಿಶ್ಚಿತ. ಕಂದು: ಮಾಸಿದ ಒಂದು ಚಿತ್ರದ ಆಧಾರ ಮಾತ್ರ." ಕೊನೆಯ ಸಾಲಿನಲ್ಲಿ "ಬಳಿದವರನ್ನು ಕೇಳಿ ತಿಳಿದುದು" ಎಂದು ಬರೆದು, ಮುಂದಿನ ಜಾಗವನ್ನು ಖಾಲಿ ಬಿಟ್ಟಿದ್ದಾರೆ.